ಚಿ. ರಮ್ಯಾಳಿಗೆ: ಕಾಲನಿ ಎಣಿಸುವ ಮೊದಲು

ಕೋಲಾರ

ಚಿ. ರಮ್ಯಾಳಿಗೆ ಸೋದರಮಾವನ ಆಶೀರ್ವಾದಗಳು.

ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳು ವಿಕಿರಣದ ಯಾವ ಡೋಸಿಗೆ ಎಷ್ಟು ಉಳಿಯುತ್ತವೆ ಎಂದು ಅಳೆಯುವ ಪ್ರಾಜೆಕ್ಟ್ ನಿನಗೆ ಸಿಕ್ಕಿದೆಯಂತೆ, ಅಕ್ಕ ಹೇಳಿದಳು. ಬದುಕಿರುವ ಕೋಶ ಕೊಡುವ ಬಣ್ಣವನ್ನು ಅಳೆದು ಮೂರು ದಿನಕ್ಕೆ ಮುಗಿಯುವ ಎಂಟಿಟಿ ಪರೀಕ್ಷೆಯನ್ನೇ ನೆಚ್ಚಿಕೊಳ್ಳಬೇಡಮ್ಮ. ವಿಕಿರಣ ತಗುಲಿದ ಕೋಶ ಎಷ್ಟೋ ಸಲ ಒಂದೆರಡು ಬಾರಿ ಎರಡಾಗಿ ಒಡೆದು ಆಮೇಲೆ ಸಾಯುತ್ತದೆ. ಅಲ್ಲಿಯವರೆಗೆ ಬಣ್ಣ ಕೊಡುತ್ತಲೇ ಇರುತ್ತದೆ. ನೀನು ಅಳೆಯಬೇಕಾದ್ದು ಅದರ ಸಂತಾನ ಬೆಳೆಸುವ ಶಕ್ತಿ. ಅದಕ್ಕೆ 1956ರಲ್ಲಿ ಪಕ್ ಮತ್ತು ಮಾರ್ಕಸ್ ತೋರಿಸಿಕೊಟ್ಟ ಕಾಲನಿ ಎಣಿಕೆಯೇ, ಅಂದರೆ ಒಂದೊಂದು ಕೋಶದಿಂದ ಬೆಳೆದ ಗುಂಪುಗಳನ್ನು ಎಣಿಸುವುದೇ ಸರಿ.

ಪ್ರಯೋಗಾಲಯದಲ್ಲಿ ಬೆಳೆಸುವ ಪ್ರಾಸ್ಟೇಟ್ ಕ್ಯಾನ್ಸರ್ ಕೋಶತಳಿಗಳಲ್ಲಿ ಪಿಸಿ-3 ಇಲ್ಲವೇ ಡಿಯು-145ರಿಂದ ಶುರುಮಾಡು. ಎಲ್‌ಎನ್‌ಕ್ಯಾಪ್ ತಳಿ ಪ್ಲೇಟಿಗೆ ಗಟ್ಟಿಯಾಗಿ ಅಂಟುವುದಿಲ್ಲ, ಗುಂಪುಗಟ್ಟುತ್ತದೆ. ಅಂಟಿದ ಕೋಶಗಳನ್ನು ಬಿಡಿಸುವ ಟ್ರಿಪ್ಸಿನ್ ಹಾಕಿದ ಮೇಲೆ ಅವು ಒಂಟಿಯಾಗಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡದೆ ಬಿತ್ತಬೇಡ. ಒಂದೇ ಕಡೆ ಎರಡು ರಾಗಿಕಾಳು ಮೊಳೆತರೂ ಮೇಲೆ ಒಂದೇ ಬುಡ ಕಾಣುವಂತೆ, ಜೋಡಿ ಕೋಶದಲ್ಲಿ ಒಂದು ಸತ್ತರೂ ಕಾಲನಿ ಬರುತ್ತದೆ. ಆಗ ಕೋಶಗಳು ಇರುವುದಕ್ಕಿಂತ ಗಟ್ಟಿ ಎಂದು ಕರ್ವ್ (ಡೋಸಿಗೆ ಎಷ್ಟು ಪಾಲು ಉಳಿಯಿತು ಎಂಬ ಗೆರೆ) ಸುಳ್ಳು ಹೇಳುತ್ತದೆ.

0, 2, 4, 6, 8 ಗ್ರೇ (ವಿಕಿರಣ ಡೋಸಿನ ಅಳತೆ) ಸಾಕು. ಡೋಸ್ ಏರಿದಂತೆ ಬಿತ್ತನೆಯೂ ಏರಬೇಕು: 0 ಗ್ರೇಗೆ 200 ಕೋಶ ಹಾಕಿದರೆ 6 ಗ್ರೇಗೆ 3000 ಹಾಕಿ ನೋಡು. 200ರಲ್ಲಿ 100 ಕಾಲನಿ ಬಂದರೆ ಬಿತ್ತನೆಯ ಫಲ 0.5. 3000ಕ್ಕೆ 75 ಬಂದರೆ, 75ನ್ನು 1500ರಿಂದ (3000 × 0.5) ಭಾಗಿಸು; ಉಳಿದ ಪಾಲು 0.05. ಎಲ್ಲ ಲೆಕ್ಕವೂ 0 ಗ್ರೇ ಪ್ಲೇಟಿನ ಮೇಲೆ ನಿಂತಿದೆ. ಅದನ್ನೂ ವಿಕಿರಣ ಯಂತ್ರದವರೆಗೆ ಒಯ್ದು, ಅಷ್ಟೇ ಹೊತ್ತು ಹೊರಗಿಟ್ಟು ವಾಪಸ್ ತಾ. ಇನ್‌ಕ್ಯುಬೇಟರ್‌ನಲ್ಲೇ ಬಿಟ್ಟರೆ ಪ್ರಯಾಣದಲ್ಲಿ ಸತ್ತ ಕೋಶಗಳನ್ನೂ ವಿಕಿರಣದ ಖಾತೆಗೆ ಬರೆದಂತಾಗುತ್ತದೆ.

ಡೋಸ್ ವಿಷಯದಲ್ಲಿ ಭೌತವಿಜ್ಞಾನಿಯ ಜೊತೆ ಕೂತು ಮಾತಾಡು, ಸಂಕೋಚ ಬೇಡ. 6 ಎಂವಿ (ಮೆಗಾವೋಲ್ಟ್) ಎಕ್ಸ್-ಕಿರಣ ಪೂರ್ತಿ ಬಲಕ್ಕೆ ಬರುವುದು ಸುಮಾರು 1.5 ಸೆಂ.ಮೀ. ಆಳದಲ್ಲಿ. ಕೋಶಗಳಿರುವುದು ಪ್ಲೇಟಿನ ತಳದಲ್ಲಿ, ಮೇಲೆ ಗಾಳಿ. ನೀರಿಗೆ ಸಮನಾದ ಹಲಗೆಯ ಮೇಲೆ ಪ್ಲೇಟಿಟ್ಟು ಕೆಳಗಿನಿಂದ ಕಿರಣ ಹಾಯಿಸುವುದು ಒಳ್ಳೆಯದು.

ಆಮೇಲೆ 10ರಿಂದ 14 ದಿನ ಪ್ಲೇಟನ್ನು ಅಲುಗಿಸಬೇಡ. ಕಳಚಿದ ಕೋಶ ಪಕ್ಕದಲ್ಲಿ ಮರಿ ಕಾಲನಿ ಕಟ್ಟುತ್ತದೆ. ಕ್ರಿಸ್ಟಲ್ ವಯಲೆಟ್ ಬಣ್ಣ ಹಾಕಿ, 50 ಕೋಶ ದಾಟಿದ್ದನ್ನಷ್ಟೇ ಎಣಿಸು. ಯಾವ ಡೋಸ್ ಎಂದು ತಿಳಿಯದವರಿಂದಲೂ ಒಮ್ಮೆ ಎಣಿಸಿಸು.

ಕರ್ವಿನಿಂದ ಬರುವ ಆಲ್ಫಾ-ಬೀಟಾ ಅನುಪಾತವನ್ನು (ಅದು ಚಿಕ್ಕದಿದ್ದಷ್ಟೂ ಒಂದೊಂದು ಸಲದ ಡೋಸ್ ದೊಡ್ಡದಾದಾಗ ಪರಿಣಾಮ ಹೆಚ್ಚು) ರೋಗಿಗೆ ನೇರವಾಗಿ ಹೊರಿಸಬೇಡ. ರೋಗಿಗಳಲ್ಲಿ ಅದು ಸುಮಾರು 1.5 ಗ್ರೇ ಎಂದು ಅಂದಾಜು. ಆ ಲೆಕ್ಕದಲ್ಲಿ 3 ಗ್ರೇಯಂತೆ 20 ಸಲ ಕೊಟ್ಟ 60 ಗ್ರೇ, 2 ಗ್ರೇಯಂತೆ ಕೊಟ್ಟ 77 ಗ್ರೇಗೆ ಸಮ. ಅನುಪಾತ 10 ಆಗಿದ್ದರೆ ಬರೀ 65. 2016ರಲ್ಲಿ ಬ್ರಿಟನ್ನಿನ ಚಿಪ್ (CHHiP) ಎಂಬ ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸಾ ಪ್ರಯೋಗ ಈ 60 ಗ್ರೇ 37 ಸಲದ 74 ಗ್ರೇಗಿಂತ ಕಡಿಮೆಯಿಲ್ಲ ಎಂದು ತೋರಿಸಿತು. ಅದು ಸಾವಿರಾರು ಜನರಲ್ಲಿ ರಕ್ತದಲ್ಲಿನ ಪ್ರಾಸ್ಟೇಟ್ ಪ್ರೋಟೀನಾದ ಪಿಎಸ್‌ಎ ಏರಿಕೆಯನ್ನೂ ಗಮನಿಸುತ್ತ ವರ್ಷಗಟ್ಟಲೆ ಕಾದು ಕಂಡ ಫಲ.

ಮೂರು ಬೇರೆ ಬೇರೆ ದಿನ ಮಾಡಿದ ಎಣಿಕೆ ಕೈಯಲ್ಲಿದ್ದಾಗ ಹಾಳೆಗಳನ್ನು ಕಳಿಸು, ಕರ್ವ್ ಎಳೆಯುವ ಮೊದಲೇ.

ಇತಿ,
ನಿನ್ನ ಮಾವ