ಸಾಹೇಬ್ರೆ, ಕ್ವಾಲಿಫೈ ಅಂದ್ರೆ ಸೀಟಲ್ಲ ಅಂತ ಮೊದಲೇ ಯಾಕೆ ಹೇಳೋದಿಲ್ಲ?

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ವಿಜಯಪುರ ಜಿಲ್ಲೆ ಇಂಡಿ ತಾಲೂಕಿನ ಒಬ್ಬ ನಿಂಬೆ ಬೆಳೆಗಾರನ ನಮಸ್ಕಾರಗಳು.

ನನ್ನ ಮಗಳು ಎರಡು ಸಲ ನೀಟ್ ಬರೆದಳು. 2024ರಲ್ಲಿ 720ಕ್ಕೆ 381 ಬಂತು. ಒಂದು ವರ್ಷ ಮನೆಯಲ್ಲೇ ಕೂತು ಓದಿದಳು. 2025ರಲ್ಲಿ 342. ಮೂವತ್ತೊಂಬತ್ತು ಅಂಕ ಇಳಿಯಿತು ಅಂತ ನಾನು ಅವಳನ್ನು ಬೈದೆ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನೋಡಿದರೆ ಅವಳ ರ‍್ಯಾಂಕು ಹೋದ ವರ್ಷಕ್ಕಿಂತ ಮೇಲೆ ಬಂದಿತ್ತು! ಆ ಸಲ ಪೇಪರ್ ಅಷ್ಟು ಕಷ್ಟ ಇತ್ತಂತೆ. ಇಡೀ ದೇಶದಲ್ಲಿ 650 ದಾಟಿದವರು ನೂರು ಜನರೂ ಇರಲಿಲ್ಲ. 2024ರಲ್ಲಿ 600 ತಗೊಂಡವರೇ 80 ಸಾವಿರದ ಆಸುಪಾಸು ರ‍್ಯಾಂಕಿನಲ್ಲಿ ನಿಂತಿದ್ದರು. ಅಂಕ ನೋಡಬಾರದು, ರ‍್ಯಾಂಕ್ ನೋಡಬೇಕು ಅನ್ನೋ ಇಷ್ಟು ಸಣ್ಣ ಮಾತು ನನಗೆ ಯಾರೂ ಹೇಳಿರಲಿಲ್ಲ. ನಿಮಗೆ ಗೊತ್ತೇ ಇರುತ್ತೆ ಬಿಡಿ.

ಅವಳ ಫಲಿತಾಂಶದಲ್ಲಿ 'ಕ್ವಾಲಿಫೈಡ್' ಅಂತ ಇತ್ತು. ಬೈದ ತಪ್ಪಿಗೆ ನಾನೇ ಹೋಗಿ ಎರಡು ಕೆಜಿ ಪೇಢೆ ತಂದು ಓಣಿಗೆಲ್ಲ ಹಂಚಿದೆ. 2025ರಲ್ಲಿ ಸಾಮಾನ್ಯ ವರ್ಗಕ್ಕೆ 144 ಬಂದರೂ ಕ್ವಾಲಿಫೈ ಅಂತೆ. ನೂರಕ್ಕೆ ಇಪ್ಪತ್ತು! ಹಂಗೆ ಪಾಸಾದವರು 12 ಲಕ್ಷಕ್ಕೂ ಜಾಸ್ತಿ. ಎಂಬಿಬಿಎಸ್ ಸೀಟು ದೇಶಕ್ಕೆಲ್ಲ ಸೇರಿ ಒಂದೂಕಾಲು ಲಕ್ಷದ ಹತ್ತಿರ. ಸಾಮಾನ್ಯ ವರ್ಗದ ಮಗುವಿಗೆ ಸರ್ಕಾರಿ ಸೀಟು ಬೇಕಿದ್ದರೆ ಆ 144ರ ಮೂರು ಪಟ್ಟೂ ಸಾಲುತ್ತಿರಲಿಲ್ಲ. ದುಡ್ಡಿದ್ದವರಿಗೆ ಚಿಂತೆ ಇಲ್ಲ. ಖಾಸಗಿ ಕೋಟಾದಲ್ಲಿ ವರ್ಷಕ್ಕೆ ಸುಮಾರು 12 ಲಕ್ಷ ಎಣಿಸಿದರೆ ಕಡಿಮೆ ಅಂಕಕ್ಕೂ ಬಾಗಿಲು ತೆರೆಯುತ್ತೆ. ನಾನು ಹೊಲ ಮಾರಿದರೂ ಮೊದಲ ವರ್ಷ ದಾಟೋದಿಲ್ಲ.

ಇನ್ನು ಬ್ಯಾನರ್ ಕಥೆ ಕೇಳಿ. ಅವಳು ಹೋಗುತ್ತಿದ್ದ ಕೋಚಿಂಗ್ ಕ್ಲಾಸಿನವರು 'ನಮ್ಮ ನೀಟ್ ಸಾಧಕರು' ಅಂತ ದೊಡ್ಡ ಫ್ಲೆಕ್ಸ್ ಹಾಕಿಸಿದರು. ಎರಡನೇ ಸಾಲಿನಲ್ಲಿ ನನ್ನ ಮಗಳ ಫೋಟೋ. ಅರ್ಜಿಗೆ ಅಂಟಿಸಿದ್ದ ಪಾಸ್‌ಪೋರ್ಟ್ ಫೋಟೋನೇ ದೊಡ್ಡದು ಮಾಡಿದ್ದಾರೆ, ಕೊರಳಿಗೆ ಸ್ಟೆತಸ್ಕೋಪ್ ಬೇರೆ ತೂಗುಹಾಕಿದ್ದಾರೆ. ಕೆಳಗೆ 'ಕ್ವಾಲಿಫೈಡ್'. ಅಂಕ ಮಾತ್ರ ಬರೆದಿಲ್ಲ, ಜಾಣರು. ಅವಳು ಇಲ್ಲಿ ಅಡುಗೆಮನೆಯಲ್ಲಿ ಅಳುತ್ತಾ ಕೂತಿದ್ದರೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ನನಗೆ, "ಏನ್ರೀ ಕಾಕಾ, ಡಾಕ್ಟರ್‌ಬಾಯಿ ಯಾವ ಕಾಲೇಜಿಗೆ ಹೊಂಟಾರ?" ಅಂತ ಕೇಳೋದು. ಫ್ಲೆಕ್ಸ್ ತೆಗೀರಿ ಅಂದರೆ, "ಸುಳ್ಳೇನ್ ಬರ್ದಿಲ್ಲಲ್ರೀ" ಅಂದರು. ಹೌದು, ಸುಳ್ಳಲ್ಲ. ಅದೇ ಸಿಟ್ಟು.

ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಅನ್ನೋ ಕಟ್‌ಆಫ್ ಪಟ್ಟಿ ವೆಬ್‌ಸೈಟ್‌ನಲ್ಲಿ ಇದೆಯಲ್ಲ ಅನ್ನಬಹುದು ನೀವು. ಇದೆ ಸ್ವಾಮಿ. ಉದ್ದನೆಯ ಪಿಡಿಎಫ್. ಮೇಲೆ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 3ಬಿಆರ್ ಅಂತ ಮಂತ್ರ. ಜಿಎಂ ಅಂದ್ರೆ ಸಾಮಾನ್ಯ ವರ್ಗ, ಕೆ ಅಂದ್ರೆ ಕನ್ನಡ ಮಾಧ್ಯಮ, ಆರ್ ಅಂದ್ರೆ ಗ್ರಾಮೀಣ ಅಂತ ಸೈಬರ್ ಕೆಫೆ ಹುಡುಗ ಹೇಳಿಕೊಡಬೇಕಾಯಿತು. ಅದರಲ್ಲಿ ಬರೀ ರ‍್ಯಾಂಕು, ಅಂಕ ಇಲ್ಲ. ಭೀಮೆ ದಾಟಿ ಅಫಜಲಪುರಕ್ಕೆ ಹೋದರೆ ಕಲ್ಯಾಣ ಕರ್ನಾಟಕದವರಿಗೆ ಇರೋ 371ಜೆ ಮೀಸಲಾತಿ ಅಡಿ ಬೇರೆ ಲೆಕ್ಕ. ಅವರಿಗೆ ಸಿಗಲಿ, ಹೊಟ್ಟೆಕಿಚ್ಚಿಲ್ಲ. ನಮ್ಮ ಲೆಕ್ಕ ಏನು ಅಂತ ನಮಗೂ ಹೇಳಿ ಅಷ್ಟೇ.

ನಾವು ನಿಂಬೆ ಹರಿಯೋ ಮುಂಚೆ ಮಾರ್ಕೆಟ್ಟಿಗೆ ಫೋನ್ ಮಾಡಿ ದರ ಕೇಳುತ್ತೇವೆ. ಒಂದು ಚೀಲ ನಿಂಬೆಹಣ್ಣಿಗೆ ಇರೋ ಮಾಹಿತಿ ಎರಡು ವರ್ಷ ಕಣ್ಣು ಕೆಂಪು ಮಾಡಿಕೊಂಡು ಓದಿದ ಹುಡುಗಿಗೆ ಇಲ್ಲ ಅಂದ್ರೆ ಹೇಗೆ?

ನಾನು ಕೇಳೋದು ಒಂದೇ ಹಾಳೆ. ಬೆಳಗಾವಿಯ ಬಿಮ್ಸ್‌ನಿಂದ ಹಿಡಿದು ಪ್ರತಿ ಸರ್ಕಾರಿ ಕಾಲೇಜಿನಲ್ಲಿ ಪ್ರತಿ ವರ್ಗದ ಕೊನೆಯ ಸೀಟು ಯಾವ ರ‍್ಯಾಂಕಿಗೆ, ಎಷ್ಟು ಅಂಕಕ್ಕೆ ಹೋಯಿತು ಅಂತ ಹಿಂದಿನ ಮೂರು ವರ್ಷದ್ದು ಬರೆಸಿ. ಕನ್ನಡದಲ್ಲಿ ಬರೆಸಿ. ಮಕ್ಕಳು ಅರ್ಜಿ ತುಂಬೋ ಮುಂಚೆ ಪ್ರತಿ ಪಿಯು ಕಾಲೇಜಿನ ಗೋಡೆಗೆ ಅಂಟಿಸಿ. ಮೇಲೆ ದಪ್ಪ ಅಕ್ಷರದಲ್ಲಿ 'ಕ್ವಾಲಿಫೈ ಆದರೆ ಸೀಟು ಸಿಗುತ್ತದೆ ಅಂತಲ್ಲ' ಅಂತ ಇರಲಿ.

ಮಗಳು ಮೂರನೇ ಸಲ ಬರೀತೀನಿ ಅನ್ನುತ್ತಿದ್ದಾಳೆ. ಬೇಡ ಅನ್ನೋಕೂ ಹೂಂ ಅನ್ನೋಕೂ ನನ್ನ ಹತ್ತಿರ ಲೆಕ್ಕ ಇಲ್ಲ. ಆ ಹಾಳೆ ಕಳಿಸಿ ಸಾಹೇಬ್ರೆ. ಅಂಟಿಸೋಕೆ ಗೋಂದು ನಾನೇ ತರುತ್ತೇನೆ.

ಇಂತಿ,
ಫ್ಲೆಕ್ಸ್‌ನಲ್ಲಿರೋ ಹುಡುಗಿಯ ಅಪ್ಪ
ಇಂಡಿ ತಾಲೂಕು