ಕಕ್ಕಡ 18ರ ಪಾಯಸ, ಜೊತೆಗೆ ಒಂದು ಕೆಲಸ

ಪ್ರೀತಿಯ ಪೋಷಕರೇ,

ನಮಸ್ಕಾರ. ಮಳೆಗೆ ಎರಡು ದಿನ ರಜೆ ಕೊಟ್ಟದ್ದಕ್ಕೆ ಕೆಲವರು ಫೋನ್ ಮಾಡಿ ಥ್ಯಾಂಕ್ಸ್ ಹೇಳಿದಿರಿ, ಕೆಲವರು ಬೈದಿರಿ. ಅದಿರಲಿ, ಈ ಪತ್ರ ಬೇರೆ ವಿಷಯಕ್ಕೆ.

ಅಡ್ಮಿಷನ್ ಫಾರಂನಲ್ಲಿ ತಂದೆ, ತಾಯಿ ಆದ ಮೇಲೆ ‘ಪೋಷಕರು’ ಅಂತ ಮೂರನೇ ಸಾಲು ಇರುತ್ತದೆ ಅಲ್ವಾ? ನಿಮ್ಮಲ್ಲಿ ಹೆಚ್ಚಿನವರು ಅದನ್ನು ಖಾಲಿ ಬಿಟ್ಟಿದ್ದೀರಿ. ಕೆಲವು ಮಕ್ಕಳ ಫಾರಂನಲ್ಲಿ ತುಂಬಿರುವುದು ಆ ಸಾಲು ಮಾತ್ರ. ಹೆತ್ತವರು ತೀರಿಹೋಗಿರಬಹುದು, ಕಾಯಿಲೆ ಬಿದ್ದಿರಬಹುದು, ಮಗುವನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದಿರಬಹುದು. ಅಂಥ ಮಗು ಬಾಲಮಂದಿರದ ಬದಲು ಒಂದು ಮನೆಯಲ್ಲೇ ಬೆಳೆಯಲಿ ಅಂತ 2015ರ ಬಾಲನ್ಯಾಯ ಕಾಯ್ದೆಯಲ್ಲಿ ದಾರಿ ಇದೆ. ಅದೇ ಫಾಸ್ಟರ್ ಕೇರ್. ಕನ್ನಡದಲ್ಲಿ ಪೋಷಕತ್ವ.

ಇದು ದತ್ತು ಅಲ್ಲ. ಹೆತ್ತವರು ಸುಧಾರಿಸಿಕೊಂಡರೆ ಮಗು ವಾಪಸ್ ಹೋಗಬಹುದು. ಯಾರ ಮನೆಗೆ ಕಳಿಸಬೇಕು ಅಂತ ತೀರ್ಮಾನಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಅದಕ್ಕೂ ಮೊದಲು ಮಕ್ಕಳ ರಕ್ಷಣಾ ಘಟಕದವರು ಮನೆಗೆ ಬಂದು ನೋಡುತ್ತಾರೆ. 2024ರ ಹೊಸ ಮಾರ್ಗಸೂಚಿ ಪ್ರಕಾರ ಮದುವೆಯಾಗದವರು, ಒಂಟಿಯಾಗಿರುವವರು ಕೂಡ ಅರ್ಜಿ ಹಾಕಬಹುದು. ಒಂಟಿ ಗಂಡಸರಿಗೆ ಗಂಡುಮಗುವನ್ನು ಮಾತ್ರ ಕೊಡುತ್ತಾರೆ.

ನಮ್ಮ ಕೊಡಗಿಗೆ ಇದೇನು ಹೊಸದಲ್ಲ. ಐನ್‌ಮನೆಗಳು, ಅಂದರೆ ಕೂಡುಕುಟುಂಬದ ಮೂಲಮನೆಗಳು, ತುಂಬಿದ್ದ ಕಾಲದಲ್ಲಿ ಯಾರ ಮಗು ಯಾರ ಪಕ್ಕ ಕೂತು ಉಂಡಿತು ಅಂತ ಯಾರೂ ಲೆಕ್ಕ ಇಡುತ್ತಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟ ಜರಿದಾಗ ಬೇರೆಯವರ ಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡವರು ಈ ಪತ್ರ ಓದುವವರಲ್ಲೂ ಇದ್ದೀರಿ. ಆಗ ಯಾರೂ ಫಾರಂ ಕೇಳಿರಲಿಲ್ಲ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಯಾವ ವರ್ಷ, ಯಾವ ತರಗತಿ ಅಂತ ಹೇಳುವುದಿಲ್ಲ. ‘ನನ್ನ ಕುಟುಂಬ’ ಅಂತ ಚಾರ್ಟ್ ಮಾಡಿ, ಫೋಟೋ ಅಂಟಿಸಿ ತನ್ನಿ ಎಂದಿದ್ದೆ. ಎಲ್ಲರೂ ತಂದರು. ಒಂದು ಚಾರ್ಟ್‌ನಲ್ಲಿ ಅಪ್ಪ, ಅಮ್ಮ, ಮಗು ಮೂವರೂ ಹಲ್ಲು ಬಿಟ್ಟು ನಗುತ್ತಿದ್ದರು. ಪೇಪರಿನಿಂದ ಬ್ಲೇಡಿನಲ್ಲಿ ನೀಟಾಗಿ ಕತ್ತರಿಸಿದ್ದ ಚಿತ್ರ. ಗೋಂದು ಇರಲಿಲ್ಲವೇನೋ, ಅನ್ನದ ಅಗುಳಿನಿಂದ ಅಂಟಿಸಿದ್ದು ಮೂಲೆಯಲ್ಲಿ ಒಣಗಿ ಎದ್ದಿತ್ತು. ನಾನು ಸರಿಯಾಗಿ ನೋಡದೆ ಎಲ್ಲರೆದುರು ಕೇಳಿಬಿಟ್ಟೆ, “ಇವರು ಯಾರು?” ಮಗು ತಲೆ ತಗ್ಗಿಸಿ, “ಪೇಸ್ಟಿನವರು ಟೀಚರ್” ಎಂದಿತು. ಟೂತ್‌ಪೇಸ್ಟ್ ಜಾಹೀರಾತು ಅದು. ಕ್ಲಾಸು ನಕ್ಕಿತು. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಈಗ ಆ ಚಾರ್ಟ್ ಕೊಡುವುದಿಲ್ಲ. ‘ನನಗೆ ಊಟ ಬಡಿಸುವವರು’ ಅಂತ ಬರೆಸುತ್ತೇವೆ. ಅಜ್ಜಿ, ಚಿಕ್ಕಮ್ಮ, ತೋಟದ ಲೈನ್‌ಮನೆಯ ಪಕ್ಕದಾಕೆ, ಎಲ್ಲರೂ ಬರುತ್ತಾರೆ. ನಮ್ಮ ಬಿಸಿಯೂಟದ ಅಕ್ಕನ ಬಗ್ಗೆ ನಾಲ್ಕು ಜನ ಬರೆದಿದ್ದರು.

ಇನ್ನು ದುಡ್ಡಿನ ವಿಷಯ. ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪೋಷಕತ್ವದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಊಟ, ಬಟ್ಟೆಗೆ ಅದು ಆಧಾರ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಎರಡು ಜೊತೆ ಯೂನಿಫಾರಂ ಯಾರಿಗೆ ಸಾಲುತ್ತದೆ ಹೇಳಿ? ಒಲೆಯ ಮೇಲೆ ಒಣಗಿಸಿದ ಶರ್ಟು ಹಾಕಿಕೊಂಡು ಬರುವ ಮಕ್ಕಳ ಪಕ್ಕ ನಿಂತರೆ ಹೊಗೆ ವಾಸನೆ. ರೈನ್‌ಕೋಟು, ಕನ್ನಡಕ, ಹಾಕಿ ಸ್ಟಿಕ್ಕು, ಪ್ರವಾಸದ ದುಡ್ಡು, ಇಂಥದಕ್ಕೆ ಒಂದು ನಿಧಿ ಬೇಕು.

ಅದಕ್ಕೇ ನಮ್ಮ ಕೊಡಗಿನ ಕಕ್ಕಡ ತಿಂಗಳ 18ರಂದು, ಅಂದರೆ ಆಗಸ್ಟ್ 3ಕ್ಕೆ, ಶಾಲೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ. ಆಟಿ ಪಾಯಸ ಅನ್ನುವವರು ಹಾಗೇ ಅನ್ನಿ, ಬಣ್ಣ ಒಂದೇ. ಜೊತೆಗೆ ಕಡಂಬಿಟ್ಟು, ಬಿದಿರು ಕಣಿಲೆ ಸಾರು, ಅಣಬೆ ಸಿಕ್ಕರೆ ಅಣಬೆ. ಕೂಪನ್ 50 ರೂಪಾಯಿ. ಮರುದಿನ ಬೆಳಗ್ಗೆ ಬಾತ್‌ರೂಮಿನಿಂದ ಮಕ್ಕಳು ಕೂಗಿ ಕರೆದರೆ ಗಾಬರಿ ಬೇಡ, ಸೊಪ್ಪಿನ ಬಣ್ಣ ಮೂತ್ರದಲ್ಲೂ ಬರುತ್ತದೆ. ಹೊರಗಿನಿಂದ ಹೊಸದಾಗಿ ಬಂದ ಪೋಷಕರಿಗೆ ಮುಂಚೆಯೇ ಹೇಳಿಬಿಡಿ, ಹೋದ ಸಲ ಒಬ್ಬರು ಆಸ್ಪತ್ರೆಗೆ ಹೊರಟಿದ್ದರು!

ಲೆಕ್ಕವನ್ನು ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ, ಬಿಲ್ಲು ಸಮೇತ. ಆದರೆ ಯಾವ ಮಗುವಿಗೆ ಎಂದು ಬರೆಯುವುದಿಲ್ಲ. ನಮ್ಮಲ್ಲಿ ಅಂಥ ಮಕ್ಕಳು ಎಷ್ಟಿದ್ದಾರೆ ಅಂತಲೂ ಕೇಳಬೇಡಿ. ಸಣ್ಣ ಶಾಲೆ ಇದು, ಸಂಖ್ಯೆ ಹೇಳಿದರೆ ಹೆಸರು ಹೇಳಿದ ಹಾಗೆಯೇ. ಅಂಥ ಮಗುವಿನ ಗುರುತು ಬಯಲು ಮಾಡಿದರೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಕಾನೂನು ಬಿಡಿ, ಒಬ್ಬನಿಗೇ ಎಲ್ಲರೆದುರು ಹೊಸ ಕೊಡೆ ಕೊಟ್ಟರೆ ಹಣೆಗೆ ಚೀಟಿ ಅಂಟಿಸಿದ ಹಾಗೆ. ಹಾಗಾಗಿ ರೈನ್‌ಕೋಟು ಹರಿದಿರುವ ಎಲ್ಲ ಮಕ್ಕಳಿಗೂ ಒಂದೇ ಬಣ್ಣದ್ದು ತರಿಸುತ್ತೇವೆ. ದಾನಿಗಳ ಜೊತೆ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವುದು, ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವುದು ಇಲ್ಲವೇ ಇಲ್ಲ.

ದುಡ್ಡಿಗಿಂತ ನನಗೆ ಜಾಸ್ತಿ ಬೇಕಾಗಿರುವುದು ಜನ. ಅಮೆರಿಕದ ಸಿಯಾಟಲ್‌ನಲ್ಲಿ ಡೇವಿಡ್ ಸೂಕಪ್ ಎಂಬ ಜಡ್ಜ್ ಇದ್ದರು. ಮಗುವಿನ ಬಗ್ಗೆ ಸರಿಯಾಗಿ ತಿಳಿಯದೆ ಅದರ ಬದುಕಿನ ತೀರ್ಪು ಬರೆಯಬೇಕಾಗುತ್ತದಲ್ಲ ಎಂಬ ಚಿಂತೆ ಅವರಿಗೆ. 1977ರಲ್ಲಿ ಅವರು ಊರಿನ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು, ಕೋರ್ಟಿನಲ್ಲಿ ಮಗುವಿನ ಪರ ಮಾತಾಡಲು ನೇಮಿಸುವ ಕ್ರಮ ಶುರುಮಾಡಿದರು. ನಮ್ಮಲ್ಲಿ ಅಷ್ಟು ದೊಡ್ಡದು ಬೇಡ, ಕಪ್ಪು ಕೋಟೂ ಬೇಡ. ಸಾಕುತ್ತಿರುವ ಮನೆಯವರು ಮಡಿಕೇರಿಗೆ ಸಮಿತಿಯ ಮುಂದೆ ಹೋಗುವ ದಿನ ಬಸ್ಸಿನಲ್ಲಿ ಜೊತೆಗೆ ಹೋಗಿ. ಜಾತಿ ಪ್ರಮಾಣ ಪತ್ರಕ್ಕೆ ಅಪ್ಪನ ದಾಖಲೆ ಇಲ್ಲದೆ ಸ್ಕಾಲರ್‌ಶಿಪ್ ನಿಂತಿದ್ದರೆ ನಾಡಕಚೇರಿಯ ಮೆಟ್ಟಿಲು ಹತ್ತಿ. ವಾರಕ್ಕೆ ಒಂದು ಸಂಜೆ ಕೂತು ಲೆಕ್ಕ ಹೇಳಿಕೊಡಿ. ಅಷ್ಟೇ.

ಒಂದು ಷರತ್ತು. ಹೆಸರು ಕೊಟ್ಟರೆ ಒಂದು ವರ್ಷ ಬಿಡುವ ಹಾಗಿಲ್ಲ. ಕಾಫಿ ಕೊಯ್ಲು ಶುರುವಾದ ಮೇಲೆ ನೀವ್ಯಾರೂ ಕೈಗೆ ಸಿಗಲ್ಲ ಅಂತ ನನಗೆ ಗೊತ್ತು. ಡಿಸೆಂಬರ್‌ನಲ್ಲಿ ಆಗುವುದಿಲ್ಲ ಎನ್ನುವವರು ಈಗಲೇ ಹೇಳಿಬಿಡಿ, ಬೇಜಾರಿಲ್ಲ. ಗೇಟಿನ ಹತ್ತಿರ ನಿಂತು ‘ಇವತ್ತು ಬರ್ತಾರಾ ಟೀಚರ್?’ ಅಂತ ಕೇಳುವ ಮಗುವಿಗೆ ನಾನು ಸುಳ್ಳು ಹೇಳಲಾರೆ. ಪೊಲೀಸ್ ವೆರಿಫಿಕೇಷನ್ ಎಲ್ಲರಿಗೂ ಕಡ್ಡಾಯ, ನಮ್ಮ ಟೀಚರ್‌ಗಳ ಮನೆಯವರಿಗೂ.

ಹೋದ ವಾರ ಒಬ್ಬರು, “ನಮ್ಮನೆಗೂ ಒಂದು ಹುಡುಗಿ ಕೊಡಿಸಿ, ಕೆಲಸಕ್ಕೂ ಆಗುತ್ತೆ” ಎಂದರು. ಅವರಿಗೆ ಕೊಟ್ಟ ಉತ್ತರವನ್ನು ಪತ್ರದಲ್ಲಿ ಬರೆಯುವ ಹಾಗಿಲ್ಲ. ಎಲ್ಲಾದರೂ ಮಗುವನ್ನು ಹಾಗೆ ದುಡಿಸುವುದು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ರಾತ್ರಿಯಾದರೂ ಎತ್ತುತ್ತಾರೆ, ದುಡ್ಡು ಬೀಳುವುದಿಲ್ಲ.

ಹೆಸರು ಕೊಡುವವರು ಮಧ್ಯಾಹ್ನ ಮೂರರ ನಂತರ ಆಫೀಸಿಗೆ ಬನ್ನಿ. ತೆಂಗಿನಕಾಯಿ, ಬೆಲ್ಲ ಕೊಡುವವರು ಆಗಸ್ಟ್ 2ರ ಸಂಜೆಯೊಳಗೆ ತಲುಪಿಸಿ. ಸೊಪ್ಪನ್ನು ಮಾತ್ರ ಅವತ್ತೇ ಬೆಳಗ್ಗೆ ಕಿತ್ತು ತನ್ನಿ, ಹಿಂದಿನ ದಿನದ್ದು ಬೇಡ.

ನಿಮ್ಮ,
ಮುಖ್ಯೋಪಾಧ್ಯಾಯಿನಿ