ನೋವಾಗಲ್ಲ ಅಂತ ಮಾತ್ರ ಹೇಳಬೇಡ ಕಣೋ

ಗೆಳೆಯಾ,

ಮಗನಿಗೆ ಬಂದಿರುವುದು ರಕ್ತದ ಕ್ಯಾನ್ಸರ್ ಅಂತ ಅವನಿಗೇ ಹೇಗೆ ಹೇಳಲಿ ಅಂತ ನಿನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ನಿನ್ನ ದನಿ ಕೇಳಿ ನನಗೇ ಗಂಟಲು ಕಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಂಥ ಅಪ್ಪ ಅಮ್ಮಂದಿರು ಇನ್ನೂ ಎಷ್ಟೋ ಜನ ಇದ್ದಾರೆ, ಅವರೂ ಓದಲಿ ಅಂತ ಹೆಸರು ತೆಗೆದು ಇಲ್ಲೇ ಹಾಕುತ್ತಿದ್ದೇನೆ. ನೀನೂ ಸರಿ ಅಂದೆಯಲ್ಲ.

ನಾಲ್ಕು ವರ್ಷದ ಹುಡುಗನಿಗೆ ಏನು ಗೊತ್ತಾಗುತ್ತೆ, ಸುಮ್ನೆ ಜ್ವರ ಅಂತ ಹೇಳಿಬಿಡಿ ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ ಅಂದೆ. ನಾವೂ ಅದನ್ನೇ ಮಾಡಿದ್ದು. ಇದೇ ಕಾಯಿಲೆ ಬಂದಾಗ ನಮ್ಮ ಮಗಳಿಗೆ ಐದು ವರ್ಷ. ಮೊದಲ ದಿನ ಕೈಗೆ ಸೂಜಿ ಹಾಕುವ ಮುಂಚೆ "ಏನೂ ನೋವಾಗಲ್ಲ ಪುಟ್ಟಿ" ಅಂದೆ. ನರ ಸಿಗಲಿಲ್ಲ, ಮೂರು ಸಲ ಚುಚ್ಚಿದರು. ಅಳುತ್ತಾ ಅಳುತ್ತಾ ಅವಳು ನೋಡುತ್ತಿದ್ದದ್ದು ಸೂಜಿಯನ್ನಲ್ಲ, ನನ್ನನ್ನ. ಆಮೇಲೆ ನಾಲ್ಕು ದಿನ ನಾನು ಊಟದ ತಟ್ಟೆ ಹಿಡಿದು ಬಂದರೂ, ಬೆನ್ನ ಹಿಂದೆ ಏನಾದರೂ ಇಟ್ಟುಕೊಂಡಿದ್ದೀನಾ ಅಂತ ನನ್ನ ಇನ್ನೊಂದು ಕೈ ಎಳೆದು ನೋಡುತ್ತಿದ್ದಳು.

ಅದನ್ನು ಸರಿ ಮಾಡಿದ್ದು ಒಬ್ಬ ನರ್ಸ್, ನಾನಲ್ಲ. ಆಕೆ ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತು, "ನೋವಾಗುತ್ತೆ. ಇರುವೆ ಕಚ್ಚೋದಕ್ಕಿಂತ ಜಾಸ್ತಿ, ಬಿದ್ದು ಮಂಡಿ ತರಚೋದಕ್ಕಿಂತ ಕಮ್ಮಿ. ಹತ್ತು ಎಣಿಸೋದರಲ್ಲಿ ಮುಗಿಯುತ್ತೆ. ಎಷ್ಟು ಬೇಕಾದರೂ ಕಿರುಚು, ಕೈ ಮಾತ್ರ ಅಲ್ಲಾಡಿಸಬೇಡ" ಅಂದಳು. ಇವಳು ಅಳುತ್ತಲೇ ಎಣಿಸಿದಳು. ಏಳಕ್ಕೇ ಮುಗಿಯಿತು. "ಇನ್ನೂ ಮೂರು ಬಾಕಿ ಇದೆಯಲ್ಲ" ಅಂದಳು ಮಗಳು!

ಸೂಜಿ ತೆಗೆಯುವಾಗ ಮೇಲಿನ ಟೇಪನ್ನು ತಾನೇ ಕೀಳಬೇಕು ಅಂತ ಹಟ ಹಿಡಿದಳು. ಬಿಟ್ಟರು. ಮೊದಲು ಒಂದು ಮೂಲೆ, ಒದ್ದೆ ಹತ್ತಿ ಒತ್ತಿ ಬೆರಳ ತುದಿಯಲ್ಲಿ ಉಜ್ಜಿ ಉಜ್ಜಿ, ಕೂದಲೆಳೆಯಷ್ಟು ಎದ್ದರೆ ನಿಲ್ಲಿಸಿ ಉಸಿರು ಬಿಟ್ಟು, ಮತ್ತೆ ಎರಡನೇ ಮೂಲೆ. ಹತ್ತು ನಿಮಿಷ ಹಿಡಿಯಿತು. ನಾನಾಗಿದ್ದರೆ ಸರಕ್ಕನೆ ಎಳೆದುಬಿಡುತ್ತಿದ್ದೆ. ಆಸ್ಪತ್ರೆಯಲ್ಲಿ ಮಗುವಿನ ಕೈಯಲ್ಲಿ ಏನೂ ಇರುವುದಿಲ್ಲ ಕಣೋ, ಯಾರು ಯಾವಾಗ ಬೇಕಾದರೂ ಬಂದು ಮೈ ಮುಟ್ಟುತ್ತಾರೆ. ಆ ಟೇಪ್ ಒಂದು ಅವಳದು. ಚುಚ್ಚಬೇಕಾ ಬೇಡವಾ ಅಂತ ಕೇಳಬೇಡ, ಅದು ಸುಳ್ಳು ಪ್ರಶ್ನೆ. ಯಾವ ಬೆರಳು ಅಂತ ಕೇಳು.

ಕಾಯಿಲೆ ಏನು ಅಂತಲೂ ಹೇಳಿದೆವು. ರಕ್ತ ತಯಾರಾಗುವುದು ಮೂಳೆಯೊಳಗೆ, ಅಲ್ಲಿ ಕೆಲವು ಕಣಗಳು ದೊಡ್ಡದಾಗದೆ ಮರಿಗಳಾಗೇ ಉಳಿದು ಎಲ್ಲಾ ಜಾಗ ತುಂಬಿಕೊಂಡಿವೆ, ಒಳ್ಳೆಯವಕ್ಕೆ ಜಾಗ ಇಲ್ಲ, ಅದಕ್ಕೇ ನಿನಗೆ ಸುಸ್ತು, ಅದಕ್ಕೇ ಮೈಮೇಲೆ ನೀಲಿ ಕಲೆ. ಇದಕ್ಕೆ ಲುಕೇಮಿಯಾ ಅಂತಾರೆ, ಅದು ಒಂದು ಥರ ಕ್ಯಾನ್ಸರ್. ಆ ಮಾತು ಬಾಯಿಂದ ಹೊರಡುವಾಗ ನನಗೆ ಬೆವರು. ಅವಳು ಕೇಳಿದ್ದು ಬೇರೆಯೇ. "ನಾನು ಕೈ ತೊಳೀದೆ ಊಟ ಮಾಡಿದ್ದಕ್ಕಾ?" ಎಷ್ಟು ದಿನದಿಂದ ಅದನ್ನು ಒಳಗೇ ಇಟ್ಟುಕೊಂಡಿತ್ತೋ ಕೂಸು. ನಿನ್ನ ಮಗ ಕೇಳದಿದ್ದರೂ ನೀನೇ ಹೇಳು, ನಿನ್ನ ತಪ್ಪಿಲ್ಲ ಅಂತ. ದೊಡ್ಡವಳಿಗೂ ಹೇಳು. ನಮ್ಮ ದೊಡ್ಡವನು ತಂಗಿಯ ಲೋಟ ಮುಟ್ಟುವುದನ್ನೇ ಬಿಟ್ಟಿದ್ದ. ಇದು ಅಂಟುವುದಿಲ್ಲ ಅಂತ ನಾವು ಅವನಿಗೆ ಹೇಳಿಯೇ ಇರಲಿಲ್ಲ.

ಮುಂದೆ ಏನೇನು ಬರುತ್ತೋ ಅದನ್ನು ಒಂದು ದಿನ ಮುಂಚೆ ಹೇಳಿಬಿಡು, ಒಂದು ವಾರ ಮುಂಚೆ ಬೇಡ. ಕೆಂಪು ಔಷಧಿ ಹಾಕಿದ ದಿನ ಉಚ್ಚೆಯೂ ಕೆಂಪಗೆ ಬರುತ್ತೆ, ರಕ್ತ ಅಂತ ಹೆದರುತ್ತಾರೆ. ವಿಂಕ್ರಿಸ್ಟಿನ್ ಅನ್ನುವುದು ನಿತ್ಯಪುಷ್ಪದ ಗಿಡದಿಂದ ಸಿಕ್ಕಿದ ಔಷಧಿ. ಅದನ್ನು ಕಥೆ ಥರ ಹೇಳಿ ಬೀಗುತ್ತಿದ್ದೆ, "ಹೂವಿಂದು ಅಂದ್ರೆ ಮತ್ಯಾಕೆ ಕಾಲು ನೋಯುತ್ತೆ?" ಅಂದಳು. ಅದಕ್ಕೆ ಕಾಲೂ ನೋಯುತ್ತೆ, ದವಡೆಯೂ ನೋಯುತ್ತೆ, ಮಲಬದ್ಧತೆಯೂ ಆಗುತ್ತೆ. ಡಾಕ್ಟರ್‌ಗೆ ಹೇಳಲು ನಾಚಿಕೊಳ್ಳಬೇಡ.

ಸ್ಟೆರಾಯ್ಡ್ ಮಾತ್ರೆ ಮಾತ್ರ ದೇವರಿಗೇ ಪ್ರೀತಿ. ಮೊದಲ ನಾಲ್ಕು ವಾರ ದಿನಾ ಇತ್ತು. ರಾತ್ರಿ ಮೂರು ಗಂಟೆಗೆ ಎದ್ದು ಊಟ ಕೇಳುವುದು, ತಂದುಕೊಟ್ಟರೆ ಇದಲ್ಲ ಅಂತ ತಟ್ಟೆ ತಳ್ಳುವುದು, ಕೆನ್ನೆ ಊದಿ ಮುಖವೇ ಬೇರೆ ಆಗುವುದು. ನಾವು ಅದಕ್ಕೆ 'ಮಾತ್ರೆ ಸಿಟ್ಟು' ಅಂತ ಹೆಸರಿಟ್ಟೆವು. ಅವಳೇ ಒಂದು ದಿನ ಅಮ್ಮನನ್ನು ಒದ್ದು, ಆಮೇಲೆ ಮುಖ ಮುಚ್ಚಿಕೊಂಡು, "ನಾನಲ್ಲ ಅಮ್ಮಾ, ಮಾತ್ರೆ" ಅಂದಳು. ಆದರೂ ಒದೆಯಬಾರದು ಅಂತ ಹೇಳಿದೆವು. ಕಾಯಿಲೆ ಅಂತ ಎಲ್ಲದಕ್ಕೂ ಹೂಂ ಅಂದರೆ ಮಕ್ಕಳು ಇನ್ನೂ ಜಾಸ್ತಿ ಹೆದರುತ್ತಾರೆ, ಅಪ್ಪ ಅಮ್ಮನೇ ಬದಲಾಗಿಬಿಟ್ಟರಲ್ಲ ಅಂತ.

ಕೂದಲು ಎರಡು ಮೂರು ವಾರಕ್ಕೆ ಉದುರಲು ಶುರುವಾಗುತ್ತೆ. ನಾನೂ ತಲೆ ಬೋಳಿಸಿಕೊಂಡು ಹೋದೆ. "ನಿಂಗೇನೂ ಆಗಿಲ್ವಲ್ಲ, ಯಾಕೆ?" ಅಂತ ಬೈದಳು. ನೀನು ಆ ಸಾಹಸಕ್ಕೆ ಹೋಗಬೇಡ.

ಒಂದು ವಿಷಯ ನಿನಗೆ, ಮಗನಿಗಲ್ಲ. ಮನೆಗೆ ಕಳಿಸಿದ ಮೇಲೆ ಜ್ವರ 38 ಡಿಗ್ರಿ, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100.4 ಮುಟ್ಟಿದರೆ, ಬೆಳಗಾಗಲಿ ನೋಡೋಣ ಅನ್ನಬೇಡ. ಬಿಳಿ ರಕ್ತಕಣ ಕಮ್ಮಿ ಇದ್ದಾಗ ಸೋಂಕು ಗಂಟೆಗಳಲ್ಲಿ ಏರುತ್ತೆ. ಆಸ್ಪತ್ರೆಗೆ ಫೋನ್ ಮಾಡುವ ಮುಂಚೆ ಪ್ಯಾರಾಸಿಟಮಾಲ್ ಕೂಡ ಕೊಡಬೇಡ, ಜ್ವರ ಅಡಗಿಕೊಂಡುಬಿಡುತ್ತೆ. ಬ್ಯಾಗ್ ಬಾಗಿಲ ಹತ್ತಿರವೇ ಇಟ್ಟಿರು.

ರಾತ್ರಿ ಎಲ್ಲ ಮೊಬೈಲಿನಲ್ಲಿ ಹುಡುಕುತ್ತಾ ಕೂರುತ್ತೀಯ ಅಂತ ಗೊತ್ತು, ನಾನೂ ಕೂತವನೇ. ಹಾಗೆ ಓದಿದ್ದರಲ್ಲಿ ಒಂದು ಮಾತ್ರ ತಲೆಯಲ್ಲಿ ಉಳಿದಿದೆ. 1948ರಲ್ಲಿ ಬಾಸ್ಟನ್ನಿನ ಡಾಕ್ಟರ್ ಸಿಡ್ನಿ ಫಾರ್ಬರ್ ಇದೇ ಲುಕೇಮಿಯಾದ 16 ಮಕ್ಕಳಿಗೆ ಒಂದು ಹೊಸ ಔಷಧಿ ಕೊಟ್ಟದ್ದನ್ನು ವರದಿ ಮಾಡಿದರು. 10 ಮಕ್ಕಳು ಚೇತರಿಸಿಕೊಂಡರು, ಅದೂ ಸ್ವಲ್ಪ ಕಾಲಕ್ಕೆ. ಆ ಔಷಧಿಯ ಜಾತಿಯದೇ ಮೆಥೋಟ್ರೆಕ್ಸೇಟ್, ಇವಳು ಈಗ ವಾರಕ್ಕೊಮ್ಮೆ ನುಂಗುವುದು. ಮಾತ್ರೆ ಎಣಿಸುವಾಗ ಆ ಹದಿನಾರು ಮಕ್ಕಳ ಅಪ್ಪ ಅಮ್ಮಂದಿರು ನೆನಪಾಗುತ್ತಾರೆ.

ನೀನು ಕೇಳಲು ಬಂದು ಕೇಳದೆ ಬಿಟ್ಟ ಪ್ರಶ್ನೆ ಇನ್ನೊಂದಿದೆ. ಎದುರಿನ ಮಂಚದ ಹುಡುಗ ಒಂದು ಬೆಳಿಗ್ಗೆ ಇರಲಿಲ್ಲ. "ಮನೆಗೆ ಹೋದ" ಅನ್ನುವ ಮಾತು ನನ್ನ ನಾಲಿಗೆ ತುದಿಯಲ್ಲೇ ಇತ್ತು. ತೀರಿಕೊಂಡ ಅಂದೆ. "ನಾನು?" ಅಂದಳು. ಅವನ ಕಾಯಿಲೆ ಬೇರೆ, ನಿನ್ನ ಕಾಯಿಲೆಗೆ ಒಳ್ಳೆ ಔಷಧಿ ಇದೆ, ತುಂಬಾ ಮಕ್ಕಳು ವಾಸಿ ಆಗಿದ್ದಾರೆ, ನೀನೂ ಆಗಲಿ ಅಂತಲೇ ನಾವೆಲ್ಲ ಇದನ್ನೆಲ್ಲ ಮಾಡ್ತಿರೋದು ಅಂದೆ. ಖಂಡಿತ ಅಂತ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಸ್ಕೆಚ್ ಪೆನ್ ಕೇಳಿದಳು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅದಕ್ಕೂ ಒಂದು ಜಾಗ ನೋಡಿಟ್ಟುಕೋ.

ಗುರುವಾರ ಬೆನ್ನಿಗೆ ಇಂಜೆಕ್ಷನ್ ಅಂದೆಯಲ್ಲ, ಮುಗಿದ ಮೇಲೆ ಫೋನ್ ಮಾಡು. ಒಂಬತ್ತಕ್ಕೆ ಇವಳ ಮಾತ್ರೆ, ಅದಾದ ಮೇಲೆ ಎಷ್ಟು ಹೊತ್ತಿಗಾದರೂ ಸರಿ. ನಿನ್ನ ಮಗನಿಗೂ ಸೂಜಿ ಹಾಕಿದ್ದಾರೆ ಅಂತ ಇವಳಿಗೆ ಹೇಳಿದೆ. "ಟೇಪ್ ಅವನೇ ಕೀಳಲಿ ಅಂತ ಹೇಳು. ಒದ್ದೆ ಹತ್ತಿ ಕೇಳಬೇಕು" ಅಂದಳು.

ನಿನ್ನವನು